ಹಿಸ್ಟರಿ ಟೆಕ್ಸ್ಟ್‌ಬುಕ್ ಹುಡುಕಬೇಡಿ, ಪಿರಮಿಡ್ ನೀವು ಕಟ್ಟಬೇಡಿ

ಹೋದ ತಿಂಗಳು ಹಾಸನದಿಂದ ಇಂಗ್ಲೆಂಡಿಗೆ ಹೊಸದಾಗಿ ಬಂದಿರುವ ಹುಡುಗಿಯೊಬ್ಬಳು ಫೋನ್ ಮಾಡಿದಳು. "ಅಕ್ಕ, ಮಗನಿಗೆ ಇಯರ್ ಫೋರ್ ಹಿಸ್ಟರಿ ಟೆಕ್ಸ್ಟ್‌ಬುಕ್ ಬೇಕಿತ್ತು, ಎಲ್ಲಿ ಸಿಗತ್ತೆ?" ನಗು ಬಂತು. ಆರು ವರ್ಷದ ಹಿಂದೆ ನಾನೂ ಇದನ್ನೇ ಕೇಳಿದ್ದೆ. ಕೇಳಿ ಸುಮ್ನಿರದೆ ದುಡ್ಡೂ ಸುರಿದಿದ್ದೆ.

ಇಂಗ್ಲೆಂಡಿನ ಪ್ರೈಮರಿ ಶಾಲೆಗಳಲ್ಲಿ ನಮ್ಮ ಹಾಗೆ ಸರ್ಕಾರ ಅಚ್ಚು ಹಾಕಿಸಿದ ಒಂದೇ ಪಠ್ಯಪುಸ್ತಕ ಇರುವುದಿಲ್ಲ. ನ್ಯಾಷನಲ್ ಕರಿಕ್ಯುಲಮ್ ವಿಷಯ ಹೇಳುತ್ತದೆ, ಪಾಠ ಹೇಗೆ ಮಾಡಬೇಕು ಅನ್ನುವುದು ಶಾಲೆಗೆ ಬಿಟ್ಟದ್ದು. 7ರಿಂದ 11 ವಯಸ್ಸಿನೊಳಗೆ ಸುಮೇರ್, ಸಿಂಧೂ ಕಣಿವೆ, ಈಜಿಪ್ಟ್, ಚೀನಾದ ಶಾಂಗ್ ವಂಶ, ಈ ನಾಲ್ಕರಲ್ಲಿ ಒಂದನ್ನು ಆಳವಾಗಿ ಕಲಿಸುತ್ತಾರೆ. ನಾನು ನೋಡಿದಲ್ಲೆಲ್ಲ ಈಜಿಪ್ಟೇ ಜಾಸ್ತಿ. ಪ್ರೈಮರಿಯ ಕೊನೆಯ ವರ್ಷ, ಇಯರ್ ಸಿಕ್ಸ್‌ನಲ್ಲಿ ನಡೆಯುವ ಸ್ಯಾಟ್ಸ್ ಪರೀಕ್ಷೆಯಲ್ಲಿ ಇಂಗ್ಲಿಷ್, ಗಣಿತ ಇರುತ್ತವೆ, ಹಿಸ್ಟರಿ ಇರುವುದಿಲ್ಲ. ಟ್ಯೂಷನ್ ಅಂತ ಯಾರಾದರೂ ಬಂದರೆ ಬಾಗಿಲು ಹಾಕಿಕೊಳ್ಳಿ.

ಈಗ ನಾನು ಬಿದ್ದ ಗುಂಡಿಯ ವಿಷಯ. ಪಾಠ ಶುರುವಾಗುವ ವಾರ ಮಗು ಮೂರು ಕಾಲಂನ ಒಂದು ಹಾಳೆ ತರಬಹುದು. ನನಗೆ ಗೊತ್ತಿರುವುದು, ನನಗೆ ತಿಳಿಯಬೇಕಾದದ್ದು, ನಾನು ಕಲಿತದ್ದು. ಮಗಳು ಎರಡನೇ ಕಾಲಂನಲ್ಲಿ ಪೆನ್ಸಿಲಿನಿಂದ ಬರೆದಿದ್ದಳು: "ಹೆಣಾನ ಮಮ್ಮಿ ಮಾಡುವಾಗ ಮೂಗಿನಿಂದ ಮಿದುಳು ತೆಗೀತಿದ್ರು ಅಂತಾರಲ್ಲ, ಅದನ್ನ ಯಾರು ನೋಡಿದ್ರು?" ಛೀ, ಇದೆಂಥ ಪ್ರಶ್ನೆ ಅಂತ ಅಳಿಸಿದೆ. ಅದರ ಜಾಗದಲ್ಲಿ "ನೈಲ್ ನದಿಯ ಉದ್ದ ಎಷ್ಟು?" ಅಂತ ಬರೆಸಿದೆ. ಮೊದಲ ಕಾಲಂಗೆ ಇಂಟರ್ನೆಟ್ ನೋಡಿ ಇಪ್ಪತ್ತು ಸಾಲು ತುಂಬಿಸಿದೆ. ಸಾಲದ್ದಕ್ಕೆ 32 ಪೌಂಡಿನ ಪಿರಮಿಡ್ ಕಿಟ್ ತರಿಸಿದೆ, ಮೇಲೆ ನಾಲ್ಕು ವರ್ಕ್‌ಬುಕ್. ರಾತ್ರಿ ಒಂದು ಗಂಟೆಯವರೆಗೆ ಅಂಟು ಬಳಿದದ್ದು ನಾನು. ಅವಳು ಎಂಟೂವರೆಗೇ ಮಲಗಿದ್ದಳು.

ಪೇರೆಂಟ್ಸ್ ಈವ್ನಿಂಗ್‌ನಲ್ಲಿ ಸಿಗುವುದೇ ಹತ್ತು ನಿಮಿಷ. ಟೀಚರ್ ಪಿರಮಿಡ್ ಬಗ್ಗೆ ಒಂದು ಒಳ್ಳೆ ಮಾತಾಡಿ ಬದಿಗಿಟ್ಟರು. ಆಮೇಲೆ ಆ ಹಾಳೆಯನ್ನು ದೀಪದ ಕಡೆ ಓರೆಯಾಗಿ ಹಿಡಿದರು. ಅಳಿಸಿದ ಅಕ್ಷರದ ಗೀರು ಹಾಗೇ ಕಾಣುತ್ತಿತ್ತು. "ಇಡೀ ಕ್ಲಾಸಿನಲ್ಲಿ ಇದೇ ನನಗೆ ತುಂಬಾ ಇಷ್ಟವಾದ ಪ್ರಶ್ನೆ. ಯಾಕೆ ಅಳಿಸಿದಳೋ?" ಅಂದರು. ನಾನು ಮೇಜು ನೋಡುತ್ತ ಕೂತೆ.

ಮುಂದಿನ ವಾರ ಅದೇ ಪ್ರಶ್ನೆಯ ಮೇಲೆ ಪಾಠ ನಡೆಯಿತು. ಕ್ರಿ.ಪೂ. 5ನೇ ಶತಮಾನದ ಗ್ರೀಕ್ ಬರಹಗಾರ ಹೆರೊಡೋಟಸ್, ಕಬ್ಬಿಣದ ಕೊಕ್ಕೆಯಿಂದ ಮೂಗಿನ ಮೂಲಕ ಮಿದುಳು ಎಳೆಯುತ್ತಾರೆ ಅಂತ ಬರೆದಿಟ್ಟಿದ್ದಾನೆ. ಅವನ ಮಾತು ನಂಬಬಹುದಾ? ಈಗ ಮಮ್ಮಿಗಳನ್ನು ಸಿಟಿ ಸ್ಕ್ಯಾನ್ ಮಾಡಿದಾಗ ಎಷ್ಟೋ ತಲೆಬುರುಡೆಗಳಲ್ಲಿ ಮೂಗಿನ ಮೇಲಿನ ಮೂಳೆ ಒಡೆದಿರುವುದು ಕಂಡಿದೆ. ಬರಹ ಒಂದು ಕಡೆ, ಮೂಳೆ ಒಂದು ಕಡೆ. ಎರಡನ್ನೂ ಹೋಲಿಸಿ ನೋಡುವುದೇ ಇಲ್ಲಿನ ಪಾಠ. ಹಾಗಾಗಿ ಆ ಹಾಳೆಗೆ ಕೈ ಹಾಕಬೇಡಿ. ಸ್ಪೆಲ್ಲಿಂಗ್ ಕೂಡ ತಿದ್ದಬೇಡಿ.

ಸಿಂಧೂ ಕಣಿವೆ ಬಂದರೆ ಇನ್ನೂ ಹುಷಾರು. ನಮ್ಮದು ಅಂತ ಉಬ್ಬಿ ನಮ್ಮ ಯಜಮಾನರು ಮೊಹೆಂಜೊದಾರೋದ 'ಪುರೋಹಿತ ರಾಜ'ನ ಬಗ್ಗೆ ಅರ್ಧ ಗಂಟೆ ಭಾಷಣ ಬಿಗಿದಿದ್ದರು. ಅವನು ರಾಜ ಅಂತ ಹೇಗೆ ಗೊತ್ತು ಅಂತ ಮಗಳು ಕೇಳಿದಳು. 17.5 ಸೆಂಟಿಮೀಟರ್ ಎತ್ತರದ ಕಲ್ಲಿನ ಗೊಂಬೆಗೆ ಆ ಹೆಸರಿಟ್ಟದ್ದು ಅಗೆದವರು. ಸಿಂಧೂ ಕಣಿವೆಯ ಲಿಪಿಯನ್ನು ಎಲ್ಲರೂ ಒಪ್ಪುವ ಹಾಗೆ ಇನ್ನೂ ಯಾರೂ ಓದಿಲ್ಲ. "ಗೊತ್ತಿಲ್ಲ" ಅನ್ನುವುದೂ ಇಲ್ಲಿ ಸರಿ ಉತ್ತರವೇ.

ಎಲ್ಲಾ ಇವರದೇ ಚೆಂದ ಅಂತಲ್ಲ. ಯಾವುದರ ನಂತರ ಯಾವುದು ಅನ್ನುವುದು ಇಲ್ಲಿನ ಮಕ್ಕಳ ತಲೆಯಲ್ಲಿ ಕಲಸುಮೇಲೋಗರ. ಶಿಲಾಯುಗ, ಈಜಿಪ್ಟ್, ರೋಮ್ ಅಂತ ದ್ವೀಪದ ಹಾಗೆ ಬೇರೆ ಬೇರೆ ಕಲಿಯುತ್ತಾರೆ. ಆ ವಿಷಯದಲ್ಲಿ ನಮ್ಮ ಪಾಠವೇ ವಾಸಿ. ಮನೆಯ ಗೋಡೆಗೆ ಒಂದು ದಾರ ಕಟ್ಟಿ, ಚೀಟಿ ಸಿಕ್ಕಿಸಿ, ಇಷ್ಟು ನೀವು ಮಾಡಬಹುದು. ಆದರೆ ನಮ್ಮಲ್ಲಿ ಶಾಸನಗಳಲ್ಲಿ ಬರುವ ದೇವಾನಾಂಪ್ರಿಯ ಅನ್ನುವ ಬಿರುದು ಅಂದರೆ ಅಶೋಕ ಅಂತ ಬಾಯಿಪಾಠ ಮಾಡಿಸಿದರು, ಅಲ್ವಾ? ಅದು ಗೊತ್ತಾದದ್ದು ಹೇಗೆ ಅಂತ ನನಗಂತೂ ಯಾರೂ ಹೇಳಲಿಲ್ಲ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಒಬ್ಬನಿಗೆ ನಮ್ಮ ರಾಯಚೂರು ಜಿಲ್ಲೆಯ ಮಸ್ಕಿಯಲ್ಲೇ ಒಂದು ಶಾಸನ ಸಿಕ್ಕಿತು. ಅದರಲ್ಲಿ ಆ ಬಿರುದಿನ ಜೊತೆ ಅಶೋಕ ಅನ್ನುವ ಹೆಸರೂ ಇತ್ತು. ಇದು ನನಗೆ ಗೊತ್ತಾದದ್ದು ಇಲ್ಲಿ ಕೂತು, ಮಗಳಿಗೆ ಉತ್ತರ ಹುಡುಕುವಾಗ.

ಶಾಲೆಯ ಟ್ರಿಪ್ಪಿನ ಚೀಟಿಯಲ್ಲಿ 'ವಾಲಂಟರಿ ಕಾಂಟ್ರಿಬ್ಯೂಷನ್', ಅಂದರೆ ಇಷ್ಟವಿದ್ದರೆ ಕೊಡುವ ದುಡ್ಡು, ಅಂತ ಇರುತ್ತದೆ. ಕೊಡದಿದ್ದರೂ ಮಗುವನ್ನು ಬಿಟ್ಟು ಹೋಗುವ ಹಾಗಿಲ್ಲ. ಆದರೆ ಸಾಕಷ್ಟು ಜನ ಕೊಡದಿದ್ದರೆ ಟ್ರಿಪ್ಪೇ ರದ್ದಾಗಬಹುದು. ಅನುಕೂಲ ಇದ್ದರೆ ಕೊಟ್ಟುಬಿಡಿ. ನೀವೇ ಹೋಗುವುದಾದರೆ ಬ್ರಿಟಿಷ್ ಮ್ಯೂಸಿಯಂ ಪ್ರವೇಶ ಉಚಿತ, ಮಮ್ಮಿಗಳು 62, 63ನೇ ಕೋಣೆಯಲ್ಲಿವೆ.

ಮಕ್ಕಳು ಫೇರೋ, ಅಂದರೆ ಈಜಿಪ್ಟಿನ ರಾಜರ ವೇಷ ಹಾಕುವ ಈಜಿಪ್ಟ್ ಡೇಗೆ ಅಂತ ಬಟ್ಟೆ ಕೊಳ್ಳಬೇಡಿ, ಹಳೇ ಬಿಳಿ ಪಂಚೆ ಸಾಕು. ಅಂಚು ಮಾತ್ರ ಒಳಗೆ ಮಡಿಸಿ. ನಾನು ಮಡಿಸಿರಲಿಲ್ಲ. ಗ್ರೂಪ್ ಫೋಟೋದಲ್ಲಿ ಮೂವತ್ತು ಫೇರೋಗಳ ನಡುವೆ ನಮ್ಮವಳೊಬ್ಬಳು ಮದುವೆಮನೆ ಅಡುಗೆ ಭಟ್ಟರ ಹಾಗೆ ನಿಂತಿದ್ದಾಳೆ.