ಬೇಸಿಗೆ ಸಂಶೋಧನಾ ತರಬೇತಿಗೆ ಕರಾವಳಿಯ ಪದವಿ ವಿದ್ಯಾರ್ಥಿಗಳು ಸಿದ್ಧರಾಗುವ ಬಗೆ

ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಶಿರಸಿಯ ಪದವಿ ಕಾಲೇಜುಗಳಲ್ಲಿ ಬಯೋಟೆಕ್ನಾಲಜಿ, ಮೈಕ್ರೋಬಯಾಲಜಿ, ಪ್ರಾಣಿಶಾಸ್ತ್ರ ಅಥವಾ ಸಸ್ಯಶಾಸ್ತ್ರ ಓದುವವರಿಗೆ ಪಾಠ ಚೆನ್ನಾಗಿಯೇ ಸಿಗುತ್ತದೆ. ಸಿಗದೆ ಉಳಿಯುವುದು, ಉತ್ತರ ಯಾರಿಗೂ ಗೊತ್ತಿಲ್ಲದ ಒಂದು ಪ್ರಯೋಗವನ್ನು ಕೈಯಾರೆ ಮಾಡುವ ಅವಕಾಶ. ಪ್ರಾಕ್ಟಿಕಲ್ ತರಗತಿಯ ಫಲಿತಾಂಶವೆಲ್ಲ ಹಿಂದಿನ ವರ್ಷದವರ ಜರ್ನಲ್‌ನಲ್ಲಿ ಮೊದಲೇ ಬರೆದಿರುತ್ತದೆ. ನಮ್ಮ ಕಾಲೇಜುಗಳ ವೇಳಾಪಟ್ಟಿ, ಅನುದಾನ, ಉಪಕರಣ ಎಲ್ಲವೂ ಬೋಧನೆಗೆಂದೇ ಇರುವುದರಿಂದ ಅಧ್ಯಾಪಕರು ಬಯಸಿದರೂ ಇದನ್ನು ಬದಲಿಸುವುದು ಸುಲಭವಲ್ಲ. ಆರು ವಾರದಿಂದ ಎರಡು ತಿಂಗಳವರೆಗಿನ ಬೇಸಿಗೆ ಸಂಶೋಧನಾ ತರಬೇತಿ ಈ ಕೊರತೆಯನ್ನು ಬಹುಮಟ್ಟಿಗೆ ತುಂಬಬಲ್ಲದು. ಆದರೆ ಅದರ ಫಲ ದೊರೆಯುವುದು ಸಂಸ್ಥೆಯ ಹೆಸರಿನಿಂದಲ್ಲ, ಹೊರಡುವ ಮೊದಲು ನೀವು ಮಾಡಿಕೊಂಡ ತಯಾರಿಯಿಂದ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಅವಕಾಶ ಹುಡುಕುವ ಕೆಲಸವನ್ನು ಬೇಸಿಗೆಯಲ್ಲಿ ಆರಂಭಿಸಿದರೆ ಆಗಲೇ ತಡವಾಗಿರುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ, ದೆಹಲಿಯ ಭಾರತೀಯ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ, ಪ್ರಯಾಗರಾಜದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ ಈ ಮೂರೂ ಸೇರಿ ನಡೆಸುವ ಬೇಸಿಗೆ ಸಂಶೋಧನಾ ಫೆಲೋಶಿಪ್‌ಗೆ ಅರ್ಜಿ ಕರೆಯುವುದು ಸಾಮಾನ್ಯವಾಗಿ ಅದರ ಹಿಂದಿನ ವರ್ಷದ ಸೆಪ್ಟೆಂಬರ್–ನವೆಂಬರ್ ಅವಧಿಯಲ್ಲಿ. ಇದಕ್ಕೆ ಅಧ್ಯಾಪಕರೂ ಅರ್ಜಿ ಹಾಕಬಹುದು ಎಂಬುದನ್ನು ನಿಮ್ಮ ವಿಭಾಗದ ಗುರುಗಳಿಗೆ ತಿಳಿಸಿ. ಒಬ್ಬ ಅಧ್ಯಾಪಕರು ಎರಡು ತಿಂಗಳು ಪ್ರಯೋಗಾಲಯದಲ್ಲಿ ಕೆಲಸ ಮಾಡಿ ಬಂದರೆ ಮುಂದಿನ ಹಲವು ಬ್ಯಾಚ್‌ಗಳಿಗೆ ಅದರ ಪ್ರಯೋಜನ ಆಗುತ್ತದೆ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರವೂ ತನ್ನದೇ ಬೇಸಿಗೆ ಫೆಲೋಶಿಪ್ ನಡೆಸುತ್ತದೆ. ಅರ್ಹತೆ, ಭತ್ಯೆ, ವಸತಿ ಇವು ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ಹಿರಿಯ ವಿದ್ಯಾರ್ಥಿಗಳ ಮಾತನ್ನು ನೆಚ್ಚದೆ ಆಯಾ ವರ್ಷದ ಅಧಿಸೂಚನೆಯನ್ನೇ ಪೂರ್ತಿಯಾಗಿ ಓದಬೇಕು. ಸೆಮಿಸ್ಟರ್ ಪರೀಕ್ಷೆಗಳು ಮೇ–ಜೂನ್‌ವರೆಗೆ ಎಳೆಯುವುದು ನಮ್ಮ ಕಡೆ ಮಾಮೂಲು. ಆದ್ದರಿಂದ ಆಯ್ಕೆಯಾದ ಕೂಡಲೇ ಪರೀಕ್ಷೆಯ ಸಂಭವನೀಯ ದಿನಾಂಕಗಳನ್ನು ಮಾರ್ಗದರ್ಶಕರಿಗೆ ತಿಳಿಸಿ, ಕೆಲಸದ ಅವಧಿಯನ್ನು ಹಿಂದೆ ಮುಂದೆ ಮಾಡಿಕೊಳ್ಳಲು ಸಾಧ್ಯವೇ ಎಂದು ಕೇಳಿ. ಮೊದಲೇ ಹೇಳಿದರೆ ಬಹುತೇಕರು ಒಪ್ಪುತ್ತಾರೆ. ಸೇರಿದ ಮೂರನೆಯ ವಾರ ರಜೆ ಕೇಳಿದರೆ ಯಾರಿಗೂ ಹಿತವಾಗುವುದಿಲ್ಲ.

ದೂರ ಹೋಗಲಾಗದವರು ಬೇಸರಪಡಬೇಕಾಗಿಲ್ಲ. ಮನೆಯ ಪರಿಸ್ಥಿತಿಯಿಂದಾಗಿ ಎರಡು ತಿಂಗಳು ಬೆಂಗಳೂರಿನಲ್ಲಿರಲು ಆಗದ ಹೆಣ್ಣುಮಕ್ಕಳು ನಮ್ಮ ತರಗತಿಗಳಲ್ಲಿ ಅನೇಕರಿದ್ದಾರೆ, ಅವರನ್ನು ನೆನಪಿನಲ್ಲಿಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ. ಕಾರವಾರದ ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಸಾಗರ ಜೀವವಿಜ್ಞಾನ ಸ್ನಾತಕೋತ್ತರ ವಿಭಾಗವಿದೆ. ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಕೇಂದ್ರವೂ ಕಾರವಾರದಲ್ಲಿದ್ದು, ಸಮುದ್ರದಲ್ಲಿ ಪಂಜರ ಕಟ್ಟಿ ಮೀನು ಸಾಕುವ ಕೆಲಸಕ್ಕೆ ಹೆಸರಾಗಿದೆ. ಘಟ್ಟದ ಮೇಲೆ ಶಿರಸಿಯಲ್ಲಿ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಅರಣ್ಯ ಮಹಾವಿದ್ಯಾಲಯವಿದೆ. ಗೋವೆಯ ದೋನಾ ಪಾವ್ಲಾದಲ್ಲಿರುವ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆ ಕಾರವಾರದವರಿಗೆ ಬೆಂಗಳೂರಿಗಿಂತ ಎಷ್ಟೋ ಹತ್ತಿರ. ಇಂಥ ಕಡೆ ಪದವಿ ವಿದ್ಯಾರ್ಥಿಗಳಿಗೆಂದೇ ಜಾಹೀರಾತು ಬರದೇ ಇರಬಹುದು. ಹಾಗಾಗಿ ನಿಮ್ಮ ಪ್ರಾಂಶುಪಾಲರ ಪತ್ರದೊಂದಿಗೆ ಜನವರಿಯಲ್ಲೇ ಹೋಗಿ, ಬೇಸಿಗೆಯಲ್ಲಿ ಯಾವ ಕೆಲಸ ನಡೆಯಲಿದೆ, ಅದರಲ್ಲಿ ಕೈಜೋಡಿಸಬಹುದೇ ಎಂದು ಕೇಳುವುದು ಒಳ್ಳೆಯದು.

ಇನ್ನು ಹಣ ಕಟ್ಟಿಸಿಕೊಂಡು ಹತ್ತು–ಹದಿನೈದು ದಿನಗಳಲ್ಲಿ ಪ್ರಮಾಣಪತ್ರ ಕೊಡುವ ತರಬೇತಿಗಳ ವಿಷಯ. ಎಲ್ಲವೂ ಮೋಸವೆಂದು ನಾನು ಹೇಳುವುದಿಲ್ಲ. ಆದರೆ ಹಣ ಕಟ್ಟುವ ಮೊದಲು ಮೂರು ಸಂಗತಿ ಕೇಳಿ: ನಾನು ಕೆಲಸ ಮಾಡುವ ಪ್ರಶ್ನೆ ಯಾವುದು, ಅತ್ಯಲ್ಪ ದ್ರವವನ್ನು ಅಳೆದು ಹಾಕುವ ಒಂದು ಮೈಕ್ರೋಪಿಪೆಟ್‌ಗೆ ಎಷ್ಟು ಜನ ವಿದ್ಯಾರ್ಥಿಗಳು, ನನ್ನ ನೋಟ್‌ಬುಕ್ ಅನ್ನು ಯಾರು ಓದುತ್ತಾರೆ. ಮೂರಕ್ಕೂ ನೇರ ಉತ್ತರ ಬರದಿದ್ದರೆ ಆ ಹಣ ಮನೆಯಲ್ಲೇ ಇರಲಿ.

ಅರ್ಜಿಯಲ್ಲಿ ಎಲ್ಲರೂ ಎಡವುವ ಜಾಗವೆಂದರೆ 'ನಿಮಗೆ ಯಾವ ವಿಷಯದಲ್ಲಿ ಆಸಕ್ತಿ' ಎಂಬ ಪ್ರಶ್ನೆ. ಕ್ಯಾನ್ಸರ್, ಜೀನ್ ಎಡಿಟಿಂಗ್, ನ್ಯಾನೋ ತಂತ್ರಜ್ಞಾನ ಎಂದು ಬರೆಯುವವರು ಸಾಲುಗಟ್ಟಿ ನಿಂತಿರುತ್ತಾರೆ. ಅದನ್ನು ಓದುವ ವಿಜ್ಞಾನಿಗೆ ಬರೆದವರು ಯಾರು, ಏನನ್ನು ಕಂಡಿದ್ದಾರೆ ಎಂಬುದು ತಿಳಿಯುವುದೇ ಇಲ್ಲ. ನಮ್ಮ ಜಿಲ್ಲೆಯ ವಿದ್ಯಾರ್ಥಿಗೆ ಈ ಕಷ್ಟ ಬರಬೇಕಾಗಿಲ್ಲ. ಮಣಿಕಟ್ಟಾದ ಗಜನಿಗಳಲ್ಲಿ, ಅಂದರೆ ಅಳಿವೆಯಂಚಿನ ತಗ್ಗು ಗದ್ದೆಗಳಲ್ಲಿ, ಉಪ್ಪುನೀರನ್ನು ತಾಳಿ ಬೆಳೆಯುವ ಕಗ್ಗ ಭತ್ತವಿದೆ, 2024ರಲ್ಲಿ ರಾಮ್ಸರ್ ತಾಣವೆಂದು (ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶವೆಂದು) ಘೋಷಿತವಾದ ಅಘನಾಶಿನಿ ಅಳಿವೆಯಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಕಾಡೂ ಬಳಚು ಎಂಬ ಚಿಪ್ಪುಜೀವಿಯೂ ಇವೆ, ಗೋಕರ್ಣದ ಬಳಿಯ ಸಾಣಿಕಟ್ಟಾದಲ್ಲಿ ಉಪ್ಪಿನ ಆಗರಗಳಿವೆ. ವಿಷಯ ಆರಿಸುವಾಗ ಬೇಸಿಗೆಯಲ್ಲಿ ಮಾದರಿ ಸಿಗುತ್ತದೆಯೇ ಎಂದು ಮೊದಲು ನೋಡಿ. ಶಿರಸಿ–ಸಿದ್ದಾಪುರದ ಕಡೆಯವರು ಅಡಕೆಯ ಕೊಳೆರೋಗವನ್ನು ಆರಿಸುವುದು ಸಹಜ, ಮನೆಯ ತೋಟದ ನಷ್ಟವನ್ನು ಕಣ್ಣಾರೆ ಕಂಡವರಿಗೆ ಅದಕ್ಕಿಂತ ದೊಡ್ಡ ಪ್ರಶ್ನೆ ಇರಲಾರದು. ಆದರೆ ಅದನ್ನು ತರುವ ಫೈಟೊಫ್ತೋರಾ ಎಂಬ ಸೂಕ್ಷ್ಮಜೀವಿ ಹಬ್ಬುವುದು ಮಳೆಗಾಲದಲ್ಲಿ, ಏಪ್ರಿಲ್‌ನಲ್ಲಿ ಹೊಸ ಕೊಳೆಕಾಯಿ ಎಲ್ಲಿಂದ ತರುವುದು? ಉಪ್ಪಿನ ಆಗರದ ಕೆಲಸ ಜೋರಾಗಿ ನಡೆಯುವುದು ಬೇಸಿಗೆಯಲ್ಲೇ. ಆದ್ದರಿಂದ ಅದನ್ನೇ ಉದಾಹರಣೆಯಾಗಿ ತೆಗೆದುಕೊಂಡು, ಒಂದು ಪ್ರಶ್ನೆ ಹೇಗೆ ಬೆಳೆಯುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಸಮುದ್ರದ ನೀರಿನಲ್ಲಿ ಉಪ್ಪಿನಂಶ ಸುಮಾರು 3.5 ಶೇಕಡಾ. ಆಗರದ ಕೊನೆಯ ಕಟ್ಟೆಗಳಲ್ಲಿ, ಉಪ್ಪು ಹರಳುಗಟ್ಟುವ ಹೊತ್ತಿಗೆ, ಅದು 25 ಶೇಕಡಾವನ್ನು ದಾಟುತ್ತದೆ. ಮಾವಿನಮಿಡಿಯ ಭರಣಿಯಲ್ಲಿ ಕೊಳೆಸುವ ಸೂಕ್ಷ್ಮಜೀವಿಗಳನ್ನು ತಡೆಯುವುದು ಇದೇ ಉಪ್ಪು. ಹಾಗಿದ್ದೂ ಇಂಥ ನೀರಿನಲ್ಲಿ ಬದುಕುವ ಜೀವಿಗಳಿವೆ; ಉಪ್ಪುಪ್ರಿಯ ಆರ್ಕಿಯಾಗಳು (ಬ್ಯಾಕ್ಟೀರಿಯಾದಂತೆ ಕಂಡರೂ ಬೇರೆಯೇ ಗುಂಪಿನ ಏಕಕೋಶ ಜೀವಿಗಳು) ಮತ್ತು ಡುನಾಲಿಯೆಲ್ಲಾ ಎಂಬ ಪಾಚಿ ಹೆಚ್ಚಿದಾಗ ನೀರಿಗೆ ನಸುಗೆಂಪು ಬಣ್ಣ ಬರುತ್ತದೆ. ಆಗರ ನಡೆಸುವವರ ಅನುಮತಿ ಪಡೆದು ಶುದ್ಧವಾದ ಬಾಟಲಿಯಲ್ಲಿ ನೀರು ತಂದು, ಕಾಲೇಜಿನಲ್ಲಿ ದಿನವೂ ಬಳಸುವ ನ್ಯೂಟ್ರಿಯೆಂಟ್ ಅಗರ್ ಎಂಬ ಪೋಷಕ ಮಾಧ್ಯಮದ ಮೇಲೆ ಹರಡಿದರೆ ಈ ಉಪ್ಪುಪ್ರಿಯ ಜೀವಿಗಳು ಬೆಳೆಯುವುದಿಲ್ಲ, ಏಕೆಂದರೆ ಅದರಲ್ಲಿ ಉಪ್ಪು ಅರ್ಧ ಶೇಕಡಾ ಮಾತ್ರ. ಮಾಧ್ಯಮಕ್ಕೆ 20 ಶೇಕಡಾ ಉಪ್ಪು ಸೇರಿಸಿಕೊಂಡರೂ ಮತ್ತೊಂದು ತೊಡಕು ಕಾದಿರುತ್ತದೆ. ಮಾದರಿಯನ್ನು ಹತ್ತರಷ್ಟು, ನೂರರಷ್ಟು ತೆಳುವಾಗಿಸಲು ನಾವು ಅಭ್ಯಾಸಬಲದಿಂದ ಶುದ್ಧ ನೀರಿನ ಟ್ಯೂಬುಗಳನ್ನೇ ಇಟ್ಟುಕೊಳ್ಳುತ್ತೇವೆ; ಈ ಆರ್ಕಿಯಾಗಳ ಹೊರಕವಚದ ಪ್ರೋಟೀನು ಬಿಗಿಯಾಗಿ ನಿಲ್ಲುವುದೇ ಉಪ್ಪಿನ ಬಲದಿಂದಾದ್ದರಿಂದ, ಸಿಹಿನೀರಿಗೆ ಬಿದ್ದೊಡನೆ ಕೋಶಗಳು ಒಡೆದುಹೋಗುತ್ತವೆ. ತೆಳುಗೊಳಿಸುವ ದ್ರಾವಣದಲ್ಲೂ ಅಷ್ಟೇ ಉಪ್ಪಿರಬೇಕು. ಬೆಳವಣಿಗೆ ನಿಧಾನವಾದ್ದರಿಂದ ಪ್ಲೇಟುಗಳನ್ನು ಒಣಗದಂತೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಎರಡು ವಾರವಾದರೂ ಕಾಯಬೇಕು. ಚೀಲ ಸರಿಯಾಗಿ ಕಟ್ಟದಿದ್ದರೆ ಅಗರ್ ಮೇಲೆ ಉಪ್ಪಿನ ಹರಳು ಮೂಡಿ, ಸೂಕ್ಷ್ಮಜೀವಿಗಳು ಬೆಳೆದು ಗುಂಪಾದ ಕಾಲೊನಿಯಂತೆಯೇ ಕಾಣುತ್ತದೆ. ಚೌಕಾಕಾರದ ಅಂಚು, ಸೂಜಿ ತಾಗಿಸಿದಾಗ ಟಕ್ಕೆನ್ನುವ ಗಟ್ಟಿತನದಿಂದ ಅದನ್ನು ಗುರುತಿಸಬಹುದು.

ಪ್ರೆಷರ್ ಕುಕ್ಕರ್, ಅಗರ್, ಪೆಟ್ರಿ ಪ್ಲೇಟು, ಉಪ್ಪು ಇಷ್ಟಿದ್ದರೆ ಯಾವ ಕಾಲೇಜಿನಲ್ಲೂ ಇದನ್ನು ಮಾಡಿ ನೋಡಬಹುದು. ಇದನ್ನು ಮಾಡಿ, ಏನು ಬೆಳೆಯಿತು, ಏನು ಬೆಳೆಯಲಿಲ್ಲ, ಏಕೆಂದು ನಿಮಗನ್ನಿಸಿತು ಎಂದು ಅರ್ಜಿಯಲ್ಲಿ ನಾಲ್ಕು ವಾಕ್ಯ ಬರೆದರೆ ನಿಮ್ಮ ಕಾಲೇಜಿನಲ್ಲಿ ಡಿಎನ್ಎಯ ಪ್ರತಿಗಳನ್ನು ಹೆಚ್ಚಿಸುವ ಪಿಸಿಆರ್ ಯಂತ್ರವಿಲ್ಲ ಎಂಬುದು ಮುಖ್ಯವಾಗುವುದಿಲ್ಲ. ವಿಜ್ಞಾನಿಗೆ ನೇರವಾಗಿ ಬರೆಯುವ ಇಮೇಲ್‌ನಲ್ಲೂ ಹೀಗೆಯೇ: ಅವರ ಒಂದು ಪ್ರಬಂಧದ ಸಾರಾಂಶವನ್ನಾದರೂ ಓದಿ, ಅದರಲ್ಲಿ ನಿಮಗೆ ಅರ್ಥವಾಗದ ಒಂದು ಅಂಶವನ್ನು ಹೆಸರಿಸಿ, ನಿಮಗೆ ಬಿಡುವಿರುವ ದಿನಾಂಕಗಳನ್ನು ಕೊಡಿ. ಹೊಗಳಿಕೆಯ ಸಾಲುಗಳು ಬೇಡ. ಕನ್ನಡ ಮಾಧ್ಯಮದಿಂದ ಬಂದವರು ಮೊದಲು ಕನ್ನಡದಲ್ಲೇ ಯೋಚಿಸಿ ಬರೆದುಕೊಂಡು ಆಮೇಲೆ ಸರಳವಾದ ಇಂಗ್ಲಿಷ್‌ಗೆ ತರುವುದು ಒಳ್ಳೆಯದು. ಅಂತರ್ಜಾಲದಿಂದ ಎತ್ತಿದ ಸೊಗಸಾದ ಇಂಗ್ಲಿಷ್ ಬೇಗ ಸಿಕ್ಕಿಬೀಳುತ್ತದೆ. ಶಿಫಾರಸು ಪತ್ರಕ್ಕಾಗಿ ಗುರುಗಳನ್ನು ಕೊನೆಯ ದಿನ ಹುಡುಕಿಕೊಂಡು ಹೋಗಬೇಡಿ. ಎರಡು ಮೂರು ವಾರ ಮೊದಲೇ ಹೋಗಿ, ನೀವು ಮಾಡಿದ ಕೆಲಸದ ಟಿಪ್ಪಣಿಯನ್ನೂ ಕೊಟ್ಟರೆ ಅವರಿಗೆ ಬರೆಯಲು ವಿಷಯ ಸಿಗುತ್ತದೆ.

ಆಯ್ಕೆಯ ಸುದ್ದಿ ಬಂದ ಮೇಲೆ ಉಳಿದ ದಿನಗಳಲ್ಲಿ ಕೈಯನ್ನೂ ಲೆಕ್ಕವನ್ನೂ ಸರಿಮಾಡಿಕೊಳ್ಳಬೇಕು. ಮೈಕ್ರೋಪಿಪೆಟ್‌ನ ಗುಂಡಿಗೆ ಎರಡು ತಡೆಗಳಿವೆ: ಮೊದಲನೆಯ ತಡೆಯವರೆಗೆ ಒತ್ತಿ ದ್ರವವನ್ನು ಎಳೆಯಬೇಕು, ಹೊರಬಿಡುವಾಗ ಎರಡನೆಯದರವರೆಗೂ ಒತ್ತಬೇಕು. ಎಳೆಯುವಾಗಲೇ ಎರಡನೆಯ ತಡೆಯವರೆಗೆ ಒತ್ತಿಬಿಟ್ಟರೆ ಹೆಚ್ಚು ದ್ರವ ಬರುತ್ತದೆ, ಗುಂಡಿಯನ್ನು ಥಟ್ಟನೆ ಬಿಟ್ಟರೆ ಗಾಳಿಗುಳ್ಳೆ ಸೇರಿ ಕಡಿಮೆ ಬರುತ್ತದೆ. ನಿಮ್ಮ ಕೈ ಸರಿಯಿದೆಯೇ ಎಂದು ತಿಳಿಯಲು ಮಿಲಿಗ್ರಾಂನ ಹತ್ತನೆಯ ಒಂದು ಭಾಗವನ್ನು ತೋರಿಸುವ ತಕ್ಕಡಿ ಸಾಕು. 100 ಮೈಕ್ರೋಲೀಟರ್ ನೀರಿನ ತೂಕ ಸುಮಾರು 100 ಮಿಲಿಗ್ರಾಂ. ಹತ್ತು ಸಲ ಹಾಕಿ ಹತ್ತೂ ತೂಕಗಳನ್ನು ಬರೆದುಕೊಳ್ಳಿ. ಎಲ್ಲವೂ ಒಂದು ಮಿಲಿಗ್ರಾಂ ಆಚೀಚೆ ಇದ್ದರೆ ಕೈ ಪಳಗಿದೆ ಎಂದರ್ಥ. ಪಿಪೆಟ್ಟೇ ಇಲ್ಲದ ಕಾಲೇಜಿನವರು ಪಕ್ಕದ ಕಾಲೇಜನ್ನು ಒಂದು ಮಧ್ಯಾಹ್ನಕ್ಕಾಗಿ ಕೇಳಿದರೂ ಆಗುತ್ತದೆ.

ಲೆಕ್ಕ ಇದಕ್ಕಿಂತ ಮುಖ್ಯ. ಐವತ್ತು ಪಟ್ಟು ಗಾಢವಾದ ಬಫರ್‌ನಿಂದ (ಆಮ್ಲೀಯತೆ ಸುಲಭವಾಗಿ ಬದಲಾಗದಂತೆ ಕಾಯುವ ದ್ರಾವಣ) ಒಂದು ಲೀಟರ್ ಸಿದ್ಧಪಡಿಸಲು 20 ಮಿಲಿಲೀಟರ್ ಬಫರ್‌ಗೆ 980 ಮಿಲಿಲೀಟರ್ ನೀರು ಬೇಕೆಂಬುದು ಕಾಗದ ಹಿಡಿಯದೆ ಹೊಳೆಯಬೇಕು. ಲಕ್ಷಪಟ್ಟು ತೆಳುವಾದ ಟ್ಯೂಬಿನಿಂದ 0.1 ಮಿಲಿಲೀಟರ್ ಹರಡಿದಾಗ 84 ಕಾಲೊನಿ ಬಂದರೆ, ಮೂಲ ಮಾದರಿಯ ಪ್ರತಿ ಮಿಲಿಲೀಟರ್‌ನಲ್ಲಿ ಎಂಟು ಕೋಟಿ ನಲವತ್ತು ಲಕ್ಷ ಜೀವಕೋಶಗಳಿದ್ದವು ಎಂದು ಹೇಳಲು ಬರಬೇಕು. 30ರಿಂದ 300ರೊಳಗಿನ ಎಣಿಕೆಯ ಪ್ಲೇಟನ್ನೇ ಏಕೆ ನೆಚ್ಚಬೇಕೆಂಬುದೂ ತಿಳಿದಿರಲಿ: ತೀರಾ ಕಡಿಮೆಯಾದರೆ ಆಕಸ್ಮಿಕದ ಪಾಲು ಹೆಚ್ಚು, ತೀರಾ ಹೆಚ್ಚಾದರೆ ಕಾಲೊನಿಗಳು ಒಂದರ ಮೇಲೊಂದು ಬೆಳೆದು ಎಣಿಕೆ ತಪ್ಪುತ್ತದೆ.

ಪ್ರಯೋಗಾಲಯ ಸೇರಿದ ಮೊದಲ ವಾರ ಹೆಚ್ಚಾಗಿ ನೋಡುವುದರಲ್ಲೇ ಕಳೆಯುತ್ತದೆ, ಅದು ಅವಮಾನವಲ್ಲ. ನೋಟ್‌ಬುಕ್‌ನ ಶಿಸ್ತನ್ನು ಮಾತ್ರ ಮೊದಲ ದಿನದಿಂದಲೇ ಪಾಲಿಸಿ: ಪೆನ್ನಿನಲ್ಲಿ ಬರೆಯಿರಿ, ತಪ್ಪಾದರೆ ಒಂದೇ ಗೆರೆ ಎಳೆದು ಪಕ್ಕದಲ್ಲಿ ಸರಿಯಾದದ್ದನ್ನು ಬರೆಯಿರಿ, ಹಾಳೆ ಹರಿಯಬೇಡಿ, ರಾಸಾಯನಿಕದ ಬ್ಯಾಚ್ ಸಂಖ್ಯೆಯನ್ನೂ ಇನ್‌ಕ್ಯುಬೇಟರ್‌ನ ತಾಪವನ್ನೂ ಆಗಲೇ ಬರೆದುಕೊಳ್ಳಿ. ಕೈಗವಸು ಹಾಕಿದ ಕೈಯಿಂದ ಬಾಗಿಲಿನ ಹಿಡಿಕೆ, ಮೊಬೈಲ್ ಮುಟ್ಟಬಾರದು. ಗೊತ್ತಿಲ್ಲದ ಯಂತ್ರವನ್ನು ಕೇಳದೆ ಚಾಲೂ ಮಾಡಬಾರದು.

ಪ್ರಯೋಗ ಫಲಿಸದ ದಿನ ಏನು ಮಾಡುತ್ತೀರಿ ಎಂಬುದರಲ್ಲಿ ತರಬೇತಿಯ ತಿರುಳಿದೆ. ಆಗರದ ಕೆಂಪು ಕಾಲೊನಿಯ ಡಿಎನ್ಎ ತೆಗೆದು, ಸೂಕ್ಷ್ಮಜೀವಿಯ ಗುರುತು ಹಿಡಿಯಲು ಬಳಸುವ 16ಎಸ್ ಜೀನನ್ನು ಪಿಸಿಆರ್‌ನಲ್ಲಿ ಹೆಚ್ಚಿಸಿ, ಜೆಲ್ ಮೇಲೆ ಓಡಿಸಿದಾಗ ಡಿಎನ್ಎಯ ಪಟ್ಟಿಯೇ ಕಾಣಲಿಲ್ಲವೆಂದುಕೊಳ್ಳಿ. ಮತ್ತೊಮ್ಮೆ ಹಾಗೆಯೇ ಮಾಡುವುದರಿಂದ ಉಪಯೋಗವಿಲ್ಲ. ಖಚಿತವಾಗಿ ಕೆಲಸ ಮಾಡುವ ಡಿಎನ್ಎ ಹಾಕಿದ ಟ್ಯೂಬಿನಲ್ಲಿ ಪಟ್ಟಿ ಬಂದಿದೆಯೇ ಎಂದು ನೋಡಿ. ಬಂದಿದ್ದರೆ ಕಿಣ್ವ, ಯಂತ್ರ ಎರಡೂ ಸರಿಯಾಗಿವೆ. ಮಾದರಿಯೊಡನೆ ಬಂದ ಉಪ್ಪು ಪಾಲಿಮರೇಸ್ ಕಿಣ್ವವನ್ನು ತಡೆದಿರಬಹುದು, ಆಗ ಡಿಎನ್ಎಯನ್ನು ತೊಳೆದು ಅಥವಾ ತೆಳುವಾಗಿಸಿ ಪರೀಕ್ಷಿಸಬೇಕು. ಪಿಸಿಆರ್‌ಗೆ ಆರಂಭದ ಜಾಗ ತೋರಿಸುವ ಡಿಎನ್ಎ ತುಣುಕೇ ಪ್ರೈಮರ್; ಬಳಸಿದ್ದು 27ಎಫ್ ಪ್ರೈಮರ್ ಆಗಿದ್ದರೆ ಅದು ಬ್ಯಾಕ್ಟೀರಿಯಾಕ್ಕೆಂದು ರೂಪಿಸಿದ್ದು, ಆರ್ಕಿಯಾಕ್ಕೆ ಬೇರೆಯದೇ ಬೇಕು. ಇನ್ನೊಂದೆಡೆ, ಡಿಎನ್ಎಯನ್ನೇ ಹಾಕದ ಟ್ಯೂಬಿನಲ್ಲಿ ಪಟ್ಟಿ ಕಂಡರೆ ಉಳಿದ ಯಾವ ಪಟ್ಟಿಯನ್ನೂ ನಂಬುವಂತಿಲ್ಲ. ಇಷ್ಟನ್ನು ಬರೆದುಕೊಂಡು ಮಾರ್ಗದರ್ಶಕರ ಬಳಿ ಹೋಗಿ 'ಈ ಮೂರು ಕಾರಣಗಳಲ್ಲಿ ಮೊದಲು ಯಾವುದನ್ನು ನೋಡಲಿ' ಎಂದು ಕೇಳುವ ವಿದ್ಯಾರ್ಥಿಯನ್ನು ಯಾವ ಪ್ರಯೋಗಾಲಯವೂ ಮರೆಯುವುದಿಲ್ಲ.

ಕೊನೆಯ ವಾರವನ್ನು ಹೊಸ ಪ್ರಯೋಗಕ್ಕೆ ಬಳಸದೆ ವರದಿಗೂ ಹಸ್ತಾಂತರಕ್ಕೂ ಮೀಸಲಿಡಿ. ಬೆಳೆಸಿದ ತಳಿಗಳ ಮೇಲೆ ದಿನಾಂಕ, ಮಾದರಿ ತಂದ ಜಾಗ, ಮಾಧ್ಯಮದ ಉಪ್ಪಿನ ಪ್ರಮಾಣ ಬರೆದು ಮಾರ್ಗದರ್ಶಕರಿಗೆ ಒಪ್ಪಿಸಿ. ನೆನಪಿಗೆಂದು ಒಂದು ಟ್ಯೂಬನ್ನೂ ಕೇಳದೆ ತರಬಾರದು. ಮೂಲ ನೋಟ್‌ಬುಕ್ ಅಲ್ಲಿಯೇ ಉಳಿಯಬೇಕು, ಅನುಮತಿ ಪಡೆದು ನಕಲು ಮಾಡಿಕೊಳ್ಳಬಹುದು. ಕಾಲೇಜು ಆರಂಭವಾದ ಮೇಲೆ ವಿಭಾಗದಲ್ಲಿ ಮಾತನಾಡಲು ಅವಕಾಶ ಕೇಳಿ, ಪ್ರಕಟವಾಗದ ಫಲಿತಾಂಶದಲ್ಲಿ ಎಷ್ಟನ್ನು ತೋರಿಸಬಹುದೆಂದು ಮಾರ್ಗದರ್ಶಕರಿಂದ ಮೊದಲೇ ತಿಳಿದುಕೊಳ್ಳಿ. ಪಟ್ಟಿ ಬಾರದ ಜೆಲ್‌ನ ಚಿತ್ರವನ್ನೂ ಕಿರಿಯರಿಗೆ ತೋರಿಸಿ, ಮತ್ತು ಅವರು ಸೆಪ್ಟೆಂಬರ್‌ನ ಅರ್ಜಿಗೆ ಕೂರುವ ಮೊದಲೇ ಅವರ ಕೈಗೆ ಪಿಪೆಟ್ ಕೊಟ್ಟು ಹತ್ತು ಸಲ ತೂಗಿಸಿ.