ಪರ್ಫ್ಯೂಮ್‌ನ 'ಜೆಪಿಎನ್': ಅಭಿಮಾನಿಗಳ ಅಭಿಪ್ರಾಯವನ್ನು ತೂಗಿ ಓದುವ ಬಗೆ

ಹಿರೋಷಿಮಾದ ಮೂವರು ಗಾಯಕಿಯರ ತಂಡ ಪರ್ಫ್ಯೂಮ್. ಅವರ 'ಜೆಪಿಎನ್' ಆಲ್ಬಮ್ 2011ರ ನವೆಂಬರ್ 30ರಂದು ಬಂತು. ಅದನ್ನು ತಲೆಯ ಮೇಲೆ ಹೊತ್ತವರೂ ಇದ್ದಾರೆ, 'ಹಳೇ ಹಾಡುಗಳ ಗಂಟು' ಎಂದವರೂ ಇದ್ದಾರೆ. ಯಾರ ಮಾತಿಗೆ ಎಷ್ಟು ಬೆಲೆ ಕೊಡಬೇಕು ಎಂಬುದು, ಅವರು ಯಾವಾಗ, ಏನೇನು ಕೇಳಿ ಬರೆದರು ಎನ್ನುವುದರ ಮೇಲೆ ನಿಂತಿದೆ.

ಮೊದಲು ಹಾಡುಗಳ ಪಟ್ಟಿ ಹಾಕಿ. ಒಟ್ಟು 14 ಟ್ರ್ಯಾಕ್. ಅವುಗಳಲ್ಲಿ 9 ಹಾಡು 2010ರ ಏಪ್ರಿಲ್‌ನಿಂದ 2011ರ ನವೆಂಬರ್‌ವರೆಗಿನ ಐದು ಸಿಂಗಲ್‌ಗಳಲ್ಲೇ, ಅಂದರೆ ಒಂದೆರಡು ಹಾಡಿನ ಬಿಡಿ ಬಿಡುಗಡೆಗಳಲ್ಲೇ, ಬಂದಿದ್ದವು. ಕೊನೆಯ ಸಿಂಗಲ್ 'ಸ್ಪೈಸ್' ಅಂತೂ ಆಲ್ಬಮ್‌ಗೆ ಬರೀ ನಾಲ್ಕು ವಾರ ಮೊದಲು ಬಂದದ್ದು. ಹೊಸತು ಐದೇ, ಅದರಲ್ಲೂ 'ದಿ ಓಪನಿಂಗ್' ಪುಟ್ಟ ಪೀಠಿಕೆ. ಎಲ್ಲ ಸಿಂಗಲ್ ಕೊಂಡಿದ್ದ ಜಪಾನಿನ ಅಭಿಮಾನಿಗೆ ಇದು ದುಬಾರಿ ಪುನರಾವರ್ತನೆಯಾಗಿ ಕಂಡರೆ ತಪ್ಪಿಲ್ಲ. ಮುಂದೆ ಡಿಜಿಟಲ್‌ನಲ್ಲಿ ಒಮ್ಮೆಲೇ ಕೇಳಿದ ಹೊರದೇಶದವರಿಗೆ ಹದಿನಾಲ್ಕೂ ಹೊಸವು. ಆದ್ದರಿಂದ ಪ್ರತಿ ಅಭಿಪ್ರಾಯದ ಪಕ್ಕದಲ್ಲಿ 'ಸಿಂಗಲ್ ಕೇಳಿದ್ದವರು', 'ಕೇಳಿರದವರು', 'ಗೊತ್ತಿಲ್ಲ' ಎಂದು ಗುರುತು ಹಾಕಿ. ಅರ್ಧ ಜಗಳ ಅಲ್ಲೇ ಬಗೆಹರಿಯುತ್ತದೆ.

ಬೇರೆಯವರ ಮಾತು ಓದುವ ಮೊದಲು ನೀವೇ ಆಲ್ಬಮನ್ನು ಕ್ರಮವಾಗಿ ಎರಡು ಸಲ ಕೇಳಿ, ಒಮ್ಮೆ ಇಯರ್‌ಫೋನ್‌ನಲ್ಲಿ, ಒಮ್ಮೆ ಸ್ಪೀಕರ್‌ನಲ್ಲಿ. ಫೋನಿನ ಪುಟ್ಟ ಸ್ಪೀಕರ್ ಬೇಡ. ನಿರ್ಮಾಪಕ ಯಸುತಾಕಾ ನಕಾತಾ ಹೆಣೆದ ಬಾಸ್ ಅದರಲ್ಲಿ ಮಾಯವಾಗಿ, ಸಂಸ್ಕರಿಸಿದ ದನಿ ಮತ್ತು ಸಿಂಥ್‌ನ (ಎಲೆಕ್ಟ್ರಾನಿಕ್ ವಾದ್ಯದ) ಚೂಪು ಸದ್ದು ಮಾತ್ರ ಉಳಿಯುತ್ತವೆ. 'ಸದ್ದು ತೆಳುವಾಗಿದೆ' ಎಂಬ ದೂರಿನ ಹಿಂದೆ ಎಷ್ಟೋ ಸಲ ಕೇಳಿದ ಉಪಕರಣವೇ ಇರುತ್ತದೆ.

'ಲೇಸರ್ ಬೀಮ್', 'ಗ್ಲಿಟರ್' ಎರಡೂ ಇಲ್ಲಿ ಬೇರೆ ಮಿಕ್ಸ್‌ನಲ್ಲಿ, ಅಂದರೆ ದನಿ-ವಾದ್ಯಗಳನ್ನು ಬೇರೆ ರೀತಿ ಬೆರೆಸಿದ ರೂಪದಲ್ಲಿ, ಇವೆ. ಸಿಂಗಲ್ ಜೊತೆ ಹೋಲಿಸುವಾಗ ಎರಡರ ವಾಲ್ಯೂಮ್ ಸಮ ಮಾಡಿಕೊಳ್ಳಿ. ಜೋರಾಗಿರುವುದು ಕಿವಿಗೆ ಚೆನ್ನಾಗಿದೆ ಅನಿಸುವುದು ಸಹಜ, ಗುಣಕ್ಕೂ ಅದಕ್ಕೂ ಸಂಬಂಧವಿಲ್ಲ. ಯಾರಾದರೂ 'ಲೇಸರ್ ಬೀಮ್ ಕೆಡಿಸಿದ್ದಾರೆ' ಅಂದರೆ, ಯಾವ ಮಿಕ್ಸ್ ಬಗ್ಗೆ ಹೇಳುತ್ತಿದ್ದಾರೆಂದು ಮೊದಲು ನೋಡಿ.

ಬರೆದ ದಿನಾಂಕವೂ ಮುಖ್ಯ. ಬಿಡುಗಡೆಯ ವಾರದ ಬರಹದಲ್ಲಿ ಸಂಭ್ರಮವೋ ನಿರಾಸೆಯೋ ಹೆಚ್ಚು. 2012ರಲ್ಲಿ ಇದೇ ಹೆಸರಿನ ಪ್ರವಾಸ ನಡೆಯಿತು. ಈ ತಂಡದ ಹಾಡನ್ನು ಮಿಕಿಕೊ ಸಂಯೋಜಿಸಿದ ನೃತ್ಯದ ಜೊತೆ ನೋಡಿದ ಮೇಲೆ ಮನಸ್ಸು ಬದಲಿಸುವವರಿರುತ್ತಾರೆ. ಹಾಗಾಗಿ ಪ್ರವಾಸಕ್ಕೆ ಮೊದಲಿನದನ್ನೂ ನಂತರದ್ದನ್ನೂ ಬೇರೆ ಬೇರೆ ಕಟ್ಟಿಡಿ.

ಜಪಾನಿ ಅಭಿಪ್ರಾಯಗಳ ಯಂತ್ರಾನುವಾದದಲ್ಲಿ ಒಂದು ಹಾಡನ್ನು 'ಒಣಗಿದ ಸ್ಕ್ವಿಡ್' (ಒಂದು ಕಡಲಜೀವಿ) ಎಂದು ಕರೆದಿದ್ದರೆ ಅದು ಬೈಗುಳವಲ್ಲ. ಅಗಿದಷ್ಟೂ ರುಚಿ ಬಿಡುವ ಹಾಡು ಎಂಬ ಮೆಚ್ಚುಗೆ. 'ಎಸೆಯುವ ಹಾಡು' ಅಂದರೆ ಜಾಗ ತುಂಬಿಸಲು ಹಾಕಿದ್ದು. ಇವೆರಡು ಅದಲುಬದಲಾದರೆ ನಿಮ್ಮ ಲೆಕ್ಕವೇ ತಲೆಕೆಳಗು.

ಮಾರಾಟ ತಾಣಗಳಲ್ಲಿ ಕೊಂಡವರು ಕೊಟ್ಟ ನಕ್ಷತ್ರಗಳ ಸರಾಸರಿಯನ್ನು ನಂಬಬೇಡಿ. ಡಬ್ಬಿ ಜಜ್ಜಿ ಬಂದದ್ದಕ್ಕೆ, ಡಿವಿಡಿ ಇಲ್ಲದ ಆವೃತ್ತಿ ಬಂದದ್ದಕ್ಕೆ ಕೊಟ್ಟ ಒಂದು ನಕ್ಷತ್ರವೂ ಅದರೊಳಗೆ ಸೇರಿರುತ್ತದೆ. ಕಾರಣ ಬರೆದಿರುವ ಮೂವತ್ತು ಅಭಿಪ್ರಾಯ ಆರಿಸಿ, ಹಾಡಿನ ಹೆಸರು ಎಷ್ಟು ಸಲ, ಯಾವ ಕಾರಣಕ್ಕೆ ಬಂದಿದೆ ಎಂದು ಎಣಿಸಿ. ಹೊಸ ಐದು ಹಾಡುಗಳ ಬಗ್ಗೆ ಯಾರು ಏನು ಹೇಳಿದ್ದಾರೆ ಎಂಬುದನ್ನು ಪ್ರತ್ಯೇಕವಾಗಿ ನೋಡಿ. ಆಲ್ಬಮ್ ಆಗಿ 'ಜೆಪಿಎನ್' ಏನನ್ನು ಸೇರಿಸಿತು ಎಂಬುದು ಆ ಐದರಲ್ಲಿ, ಮತ್ತು ಹದಿನಾಲ್ಕನ್ನೂ ಜೋಡಿಸಿದ ಕ್ರಮದಲ್ಲಿ ಇದೆ.