ಮೂಳೆನ ರಬ್ಬರ್ ಥರ ಬಗ್ಗಿಸೋದು ಹೇಗೆ? ಮನೇಲೇ ಮಾಡಿ ನೋಡಿ

ಮೂಳೆ ಅಂದ್ರೆ ಬರೀ ಕ್ಯಾಲ್ಸಿಯಂ ಅಂತ ತುಂಬಾ ಜನ ಅನ್ಕೊಂಡಿರ್ತಾರೆ. ನಿಜ ಹೇಳ್ಬೇಕಂದ್ರೆ ಅದರಲ್ಲಿ ಎರಡು ವಸ್ತು ಹೆಣೆದುಕೊಂಡಿವೆ, ಒಂದು ಗಟ್ಟಿ ಖನಿಜ, ಇನ್ನೊಂದು ಕೊಲ್ಲಾಜನ್ ಅನ್ನೋ ಪ್ರೋಟೀನಿನ ನಾರು, ಇವೆರಡನ್ನ ಬೇರೆ ಮಾಡಿ ಕೈಯಲ್ಲೇ ಮುಟ್ಟಿ ನೋಡಬಹುದು. ಬೇಕಾಗಿರೋದು ಕೋಳಿ ಕಾಲಿನ ಮೂಳೆ, ಗಾಜಿನ ಬಾಟಲಿ, ವಿನೆಗರ್, ಜೊತೆಗೆ ಒಂದು ವಾರ ಕಾಯೋ ತಾಳ್ಮೆ.

ಮೊದಲು ಮೂಳೆ ಆರಿಸ್ಕೊಳ್ಳಿ. ಕುಕ್ಕರಲ್ಲಿ ತುಂಬಾ ಹೊತ್ತು ಬೆಂದಿದ್ದು ಬೇಡ, ಯಾಕಂದ್ರೆ ಕೊಲ್ಲಾಜನ್ ಕರಗಿ ಜಿಲಾಟಿನ್ ಆಗಿ ನೀರಿಗೆ ಇಳಿದುಬಿಟ್ಟಿರುತ್ತೆ, ನಮಗೆ ಬೇಕಾಗಿರೋದೇ ಆ ಕೊಲ್ಲಾಜನ್. ಮಾಂಸ ಎಲ್ಲಾ ಬಿಡಿಸಿ ಸೋಪ್ ಹಾಕಿ ತೊಳೀರಿ, ಹಸಿ ಮೂಳೆ ಆದ್ರೆ ನಿಮ್ಮ ಕೈನೂ ಚೆನ್ನಾಗಿ ತೊಳ್ಕೊಳ್ಳಿ.

ವಿನೆಗರಿಗೆ ಹಾಕೋಕೆ ಆತುರ ಬೇಡ, ಮೊದಲು ಮೂಳೆಯ ತುದಿ ನೋಡಿ. ಅಲ್ಲಿ ಬಿಳಿ ಟೋಪಿ ಥರ ನುಣ್ಣಗೆ ಹೊಳೆಯೋ ಪದರ ಇದೆಯಲ್ಲ, ಅದೇ ಕಾರ್ಟಿಲೇಜ್, ಪಾಠದ ಪುಸ್ತಕದಲ್ಲಿ ಮೃದ್ವಸ್ಥಿ ಅಂತಾರೆ. ಒದ್ದೆ ಬೆರಳಿಂದ ಸವರಿದ್ರೆ ಜಾರುತ್ತೆ, ಉಗುರಲ್ಲಿ ಒತ್ತಿದ್ರೆ ಗುರುತು ಬೀಳುತ್ತೆ, ಚಾಕುಗೆ ಸುಲಭವಾಗಿ ಸಿಗುತ್ತೆ. ನಿಮ್ಮ ಮಂಡಿಯೊಳಗೂ ಇದೇ ಪದರ ಇದೆ, ಕಿವಿ ಮಡಚಿದ್ರೆ ವಾಪಸ್ ನಿಲ್ಲೋದೂ ಕಾರ್ಟಿಲೇಜಿಂದಾನೇ. ಇದರೊಳಗೆ ರಕ್ತನಾಳ ಇಲ್ಲ, ಮಂಡಿಯಂಥ ಕೀಲಲ್ಲಿ ಸುತ್ತಲಿನ ದ್ರವದಿಂದ ಆಹಾರ ಹೀರ್ಕೋಬೇಕು, ಅದಕ್ಕೇ ಮುರಿದ ಮೂಳೆ ಕೂಡ್ಕೊಂಡ ಹಾಗೆ ಸವೆದ ಕಾರ್ಟಿಲೇಜ್ ಸರಿಹೋಗಲ್ಲ. ನನಗಂತೂ ಇದು ಈ ಪ್ರಯೋಗದಲ್ಲಿ ಎಲ್ಲಕ್ಕಿಂತ ಮುಖ್ಯ ಅನ್ಸುತ್ತೆ.

ಈಗ ಮೂಳೆ ಮುಳುಗೋಷ್ಟು ವಿನೆಗರ್ ಹಾಕಿ, ಮುಚ್ಚಳ ಬಿಗಿ ಮಾಡಬೇಡಿ. ಸ್ವಲ್ಪ ಹೊತ್ತಲ್ಲೇ ಮೂಳೆ ಮೇಲೆ ಸಣ್ಣ ಸಣ್ಣ ಗುಳ್ಳೆ ಕೂರುತ್ತೆ, ಅದು ಮೂಳೆಯಲ್ಲಿರೋ ಕಾರ್ಬೊನೇಟ್ ವಿನೆಗರಿನ ಆಸಿಡ್ ಜೊತೆ ಸೇರಿ ಬರೋ ಕಾರ್ಬನ್ ಡೈಆಕ್ಸೈಡ್. ಎರಡು ಮೂರು ದಿನಕ್ಕೊಮ್ಮೆ ವಿನೆಗರ್ ಬದಲಾಯಿಸಿ. ಮಧ್ಯೆ ಮಧ್ಯೆ ತೆಗೆದು ಒತ್ತಿ ನೋಡ್ತಾ ಇರಿ, ತೆಳ್ಳಗಿರೋ ಕಡೆ ಮೊದಲು ಮೆತ್ತಗಾಗುತ್ತೆ, ದಪ್ಪ ಮೂಳೆಗೆ ಒಂದು ವಾರಕ್ಕಿಂತ ಜಾಸ್ತಿನೂ ಬೇಕಾಗಬಹುದು.

ಕೊನೆಗೆ ತೊಳೆದು ಬಗ್ಗಿಸಿ. ಆಕಾರ ಹಾಗೇ ಇದೆ, ಆದ್ರೆ ಮುರಿಯಲ್ಲ, ಬಾಗುತ್ತೆ! ಖನಿಜ ಕರಗಿಹೋಗಿ ಕೊಲ್ಲಾಜನ್ ಮಾತ್ರ ಉಳಿದಿದೆ. ಉಲ್ಟಾ, ಮೂಳೆನ ಸುಟ್ಟುಬಿಟ್ರೆ ನಾರು ಹೋಗಿ ಖನಿಜ ಉಳಿಯುತ್ತೆ, ಆಗ ಸೀಮೆಸುಣ್ಣದ ಥರ ಪುಡಿಪುಡಿ ಆಗುತ್ತೆ. ನಾವು ಓಡಿ ಜಿಗಿದ್ರೂ ಕಾಲು ತಡ್ಕೊಳ್ಳೋದು ಎರಡೂ ಒಟ್ಟಿಗಿರೋದ್ರಿಂದ.

ಶಾರ್ಕಿಗೆ ಮೂಳೆನೇ ಇಲ್ಲ, ಅಸ್ಥಿಪಂಜರ ಪೂರ್ತಿ ಕಾರ್ಟಿಲೇಜ್. ನಾವೂ ಹೊಟ್ಟೆಯೊಳಗಿದ್ದಾಗ ಹೆಚ್ಚುಕಮ್ಮಿ ಹಾಗೇ ಶುರುವಾಗಿದ್ದು, ಕೈಕಾಲಿನ ಮೂಳೆ ಎಲ್ಲಾ ಮೊದಲು ಕಾರ್ಟಿಲೇಜಲ್ಲೇ ರೂಪ ತಗೊಂಡು ಆಮೇಲೆ ನಿಧಾನಕ್ಕೆ ಗಟ್ಟಿ ಆಗ್ತಾ ಬರುತ್ತೆ. ದೊಡ್ಡವರ ಮಣಿಕಟ್ಟಲ್ಲಿ 8 ಪುಟ್ಟ ಮೂಳೆ ಇರುತ್ತೆ, ಆಗ ತಾನೇ ಹುಟ್ಟಿದ ಮಗುವಿನಲ್ಲಿ ಅವಿನ್ನೂ ಕಾರ್ಟಿಲೇಜ್ ಆಗಿರೋದ್ರಿಂದ ಎಕ್ಸ್‌ರೇಲಿ ಸಾಮಾನ್ಯವಾಗಿ ಆ ಜಾಗ ಖಾಲಿ ಕಾಣುತ್ತೆ.